ಮೂತಿಯಿಂದ ಅಳೆದ ಉದ್ದ

ಹಾರಿಸಿದ ಹಿತ್ತಾಳೆ ಕೇಸನ್ನು ಮತ್ತೆ ಹದಕ್ಕೆ ತಂದು, ಹೊಸ ಕೇಪು, ಮದ್ದು, ಗುಂಡು ಕೂರಿಸಿ ರೈಫಲ್ ತೋಟಾ ಮಾಡಿಕೊಳ್ಳುವುದು ಅಮೆರಿಕದ ಹಳೆಯ ಹವ್ಯಾಸ. (ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯಂತೆ ಪರವಾನಗಿಯಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ.) ಈ ಹವ್ಯಾಸಿಗಳು ಪ್ರತಿ ತೋಟಾದ ಉದ್ದವನ್ನು ಇಂಚಿನ ಸಾವಿರಾಂಶದವರೆಗೆ ಬರೆದಿಡುತ್ತಾರೆ. ಅವರ ಶಿಸ್ತಿನ ಬಗ್ಗೆ ನನ್ನ ತಕರಾರಿಲ್ಲ. ಎಲ್ಲಿಂದ ಎಲ್ಲಿಗೆ ಅಳೆಯುತ್ತಿದ್ದಾರೆ ಎಂಬುದರ ಬಗ್ಗೆ ಇದೆ.

ಕೈಪಿಡಿಗಳು ಕೊಡುವುದು ಕೇಸಿನ ತಳದಿಂದ ಗುಂಡಿನ ಮೂತಿಯವರೆಗಿನ ಒಟ್ಟು ಉದ್ದ. .308 ವಿಂಚೆಸ್ಟರ್‌ಗೆ ಅಮೆರಿಕದ ಕೈಗಾರಿಕಾ ಸಂಸ್ಥೆ ಸಾಮಿ ಹಾಕಿರುವ ಗರಿಷ್ಠ ಮಿತಿ 2.810 ಇಂಚು. ಈ ಅಳತೆ ಉತ್ತರಿಸುವುದು ಮುಖ್ಯವಾಗಿ ಒಂದೇ ಪ್ರಶ್ನೆಗೆ: ತೋಟಾ ಮ್ಯಾಗಜೀನಿನೊಳಗೆ ಹಿಡಿಸುತ್ತದೆಯೇ? ಆದರೆ ಗುರಿಕಾರನಿಗೆ ಬೇಕಾದದ್ದು ಬೇರೆ. ಗುಂಡು ಎಷ್ಟು ದೂರ ಹಾರಿ ನಳಿಗೆಯೊಳಗಿನ ತಿರುಪು ಏಣುಗಳನ್ನು ಕಚ್ಚುತ್ತದೆ ಎಂಬುದು. ಅಲ್ಲಿ ಮೂತಿ ತಾಕುವುದೇ ಇಲ್ಲ. ಓಜೈವ್ ಎನ್ನುವ ಬಾಗಿನಲ್ಲಿ ಮೈ ದಪ್ಪವಾಗುವ ಜಾಗ ತಾಕುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ತೂತುಮೂತಿಯ ಗುಂಡುಗಳ ತುದಿಯಂತೂ ಒಂದೇ ಡಬ್ಬಿಯಲ್ಲೂ ಏರುಪೇರಾಗಿ, ಉದ್ದದಲ್ಲಿ ಹಲವು ಸಾವಿರಾಂಶ ವ್ಯತ್ಯಾಸ ಬರುತ್ತದೆ. ಮೂತಿ ಹಿಡಿದು ಅಳೆಯುವುದೆಂದರೆ ಪೇಟ ಸುತ್ತಿದವರನ್ನು ನಿಲ್ಲಿಸಿ ಎತ್ತರ ಬರೆದುಕೊಂಡ ಹಾಗೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಕಂಪ್ಯಾರೇಟರ್. ಕ್ಯಾಲಿಪರಿನ ದವಡೆಗೆ ಸಿಕ್ಕಿಸುವ, ನಿಗದಿತ ತೂತಿರುವ ಲೋಹದ ತುಂಡು. ಗುಂಡು ತೂತಿನ ಅಂಚಿಗೆ ಕೂತಲ್ಲಿ ಅಳತೆ. ಸಲಕರಣೆ ಒಳ್ಳೆಯದು, ಅದನ್ನು ನಂಬುವ ರೀತಿ ಅಷ್ಟು ಒಳ್ಳೆಯದಲ್ಲ. ಬೇರೆ ತಯಾರಕರ ತುಂಡಿನ ತೂತು ತುಸು ಬೇರೆಯಾಗಿದ್ದರೆ ಅದೇ ತೋಟಾಕ್ಕೆ ಬೇರೆ ಸಂಖ್ಯೆ ಬರುತ್ತದೆ. ಆದ್ದರಿಂದ ಒಬ್ಬರ ಸಂಖ್ಯೆಯನ್ನು ಇನ್ನೊಬ್ಬರು ನಕಲು ಮಾಡುವುದರಲ್ಲಿ ಅರ್ಥವಿಲ್ಲ. ಆದರೂ ಮಾಡುತ್ತಾರೆ.

ಏಣು ಎಲ್ಲಿದೆ ಎಂದು ಪತ್ತೆ ಹಚ್ಚುವ ಹಂತದಲ್ಲಿ ತಪ್ಪು ಇನ್ನೂ ಆಳಕ್ಕೆ ಇಳಿಯುತ್ತದೆ. ಹಾರ್ನಡಿ ಕಂಪನಿ ಮಾರುವ ಜನಪ್ರಿಯ ಗೇಜಿನಲ್ಲಿ ತಳಕ್ಕೆ ತಿರುಪು ಕೊರೆದ ಕೇಸೊಂದನ್ನು ಚೇಂಬರಿಗೆ ದೂಡಿ, ಸಣ್ಣ ಕಡ್ಡಿಯಿಂದ ಗುಂಡನ್ನು ಮುಂದಕ್ಕೆ ಒತ್ತುತ್ತಾರೆ. ಆ ಕೇಸಿನ ಭುಜ, ಅಂದರೆ ಮೈ ಕತ್ತಿನತ್ತ ಕಿರಿದಾಗುವ ಇಳಿಜಾರು, ನಿಮ್ಮ ಚೇಂಬರಿನಲ್ಲಿ ಹಾರಿಸಿದ ಕೇಸಿನ ಭುಜಕ್ಕಿಂತ ಕೆಲವು ಸಾವಿರಾಂಶ ಹಿಂದಿದ್ದರೆ, ಅಷ್ಟೂ ಅಳತೆ ಕಡಿಮೆ ತೋರಿಸುತ್ತದೆ. ಜೊತೆಗೆ ಬೆರಳಿನ ಒತ್ತಡ: ಒಂದು ಸಲ ಮೆಲ್ಲಗೆ, ಇನ್ನೊಂದು ಸಲ ಗಟ್ಟಿಯಾಗಿ. ಬೋಲ್ಟಿನಿಂದ ಫೈರಿಂಗ್ ಪಿನ್ನು, ಎಜೆಕ್ಟರ್ ಬಿಚ್ಚಿ, ಕೇಪು-ಮದ್ದಿಲ್ಲದ ತೋಟಾದಲ್ಲಿ ಗುಂಡನ್ನು ಸ್ವಲ್ಪ ಸ್ವಲ್ಪವೇ ಒಳಕ್ಕೆ ಕೂರಿಸುತ್ತ, ಹಿಡಿ ತಾನಾಗಿ ಕೆಳಗೆ ಬೀಳುವ ಜಾಗ ಹುಡುಕುವ ವಿಧಾನ ನಿಧಾನದ್ದು. ನನ್ನ ಮಟ್ಟಿಗೆ ಅದೇ ಹೆಚ್ಚು ಪ್ರಾಮಾಣಿಕ. ಅಲ್ಲಿ ಉತ್ತರ ಕೊಡುವುದು ಆ ರೈಫಲ್ಲೇ.

ಕ್ಯಾಲಿಪರ್ ಬಗ್ಗೆಯೂ ಒಂದು ಮಾತು. ಪರದೆಯ ಮೇಲೆ ಅರ್ಧ ಸಾವಿರಾಂಶ ಮಿನುಗಿದರೂ ಸಾಮಾನ್ಯ ಡಿಜಿಟಲ್ ಕ್ಯಾಲಿಪರಿನ ಖಾತರಿ ಸುಮಾರು ಒಂದು ಸಾವಿರಾಂಶ ಅತ್ತಿತ್ತ. ಅಳೆಯುವ ವಸ್ತು ಮತ್ತು ಮಾಪಕದ ರೇಖೆ ಒಂದೇ ಸಾಲಿನಲ್ಲಿರಬೇಕೆಂಬ ಆಬೆಯ ತತ್ವವನ್ನು ಮೈಕ್ರೋಮೀಟರ್ ಪಾಲಿಸುತ್ತದೆ, ಕ್ಯಾಲಿಪರ್ ಪಾಲಿಸುವುದಿಲ್ಲ; ದವಡೆ ತುಸು ವಾಲಿದರೂ ಓದು ಬದಲಾಗುತ್ತದೆ.

ಇಷ್ಟಾಗಿ ಸಾವಿರಾಂಶಕ್ಕೆ ಇಷ್ಟು ಪರದಾಡಬೇಕೇ? ಬರ್ಗರ್ ಕಂಪನಿ ತನ್ನ ಉದ್ದಮೂತಿಯ ಗುಂಡುಗಳಿಗೆ ಸೂಚಿಸಿದ ಪ್ರಸಿದ್ಧ ಪರೀಕ್ಷೆ ಗುರಿಕಾರರಿಗೆ ಹೇಳುವ ಜಾಗಗಳು ಏಣಿಗೆ 0.010 ಇಂಚು ಒಳಗೆ, ಆಮೇಲೆ ಏಣಿನಿಂದ 0.040, 0.080, 0.120 ಇಂಚು ಹಿಂದೆ. ಹೆಜ್ಜೆಗಳೇ ಇಷ್ಟು ದೊಡ್ಡವು. ಒಂದು ಸಾವಿರಾಂಶಕ್ಕಾಗಿ ಗಂಟೆಗಟ್ಟಲೆ ಕೂರುವವರು ಈ ಪರೀಕ್ಷೆಯನ್ನು ಮೊದಲು ಮಾಡಿದ್ದಾರೆಯೇ ಎಂಬ ಅನುಮಾನ ನನಗೆ. ನಿಜವಾದ ಎಚ್ಚರ ಬೇಕಾದದ್ದು ಎರಡು ಅತಿಗಳಲ್ಲಿ: ಗುಂಡು ಏಣಿಗೆ ಒತ್ತಿ ಕೂತರೂ ಒತ್ತಡ ಏರುತ್ತದೆ, ಕೇಸಿನೊಳಗೆ ತೀರಾ ಆಳಕ್ಕೆ ಹೋಗಿ ಮದ್ದಿನ ಜಾಗ ಕುಗ್ಗಿದರೂ ಏರುತ್ತದೆ. ಹಾಗಾಗಿ ಉದ್ದ ಬದಲಿಸಿದವರು ಮದ್ದಿನ ಪ್ರಮಾಣವನ್ನು ಕೆಳಗಿನಿಂದ ಮತ್ತೆ ಶುರು ಮಾಡಲೇಬೇಕು.

ಹೀಗೆ ಪಡೆದ ಸಂಖ್ಯೆಗೂ ಆಯುಷ್ಯವಿದೆ. ಬಿಸಿ ಅನಿಲಕ್ಕೆ ನಳಿಗೆಯ ಬಾಯಿ ಸವೆದು ಏಣು ಮುಂದೆ ಸರಿಯುತ್ತದೆ. ಹೊಸ ನಳಿಗೆಯಲ್ಲಿ ಬರೆದಿಟ್ಟ ಉದ್ದ ಸಾವಿರಾರು ಗುಂಡು ಹಾರಿಸಿದ ಮೇಲೆ ಅದೇ ಅಂತರವನ್ನು ಕೊಡುವುದಿಲ್ಲ. ಕಂಪ್ಯಾರೇಟರಿಗೆ ಹಣ ಹಾಕಿ ಎನ್ನುತ್ತೇನೆ. ಅದಕ್ಕಿಂತ ಸೂಕ್ಷ್ಮವಾದ ಗೇಜುಗಳಿಗೆ ಹಾಕುವ ಹಣದಲ್ಲಿ ಇನ್ನೊಂದು ಡಬ್ಬಿ ಗುಂಡು ಕೊಂಡು ಗುರಿಹಲಗೆಯ ಮೇಲೆ ಹಾರಿಸಬಹುದು.