ನೇರಳೆ ಉಳಿಸಿಕೊಂಡವು, ಬಿಟ್ಟುಕೊಟ್ಟವು

ಬ್ಯಾಕ್ಟೀರಿಯಾಗಳನ್ನು ಬಣ್ಣ ಹಾಕಿ ವಿಂಗಡಿಸುವ ಗ್ರಾಂ ಸ್ಟೇನ್ ನನಗೆ ಇಷ್ಟವಾಗುವುದು ಅದರ ಮೂರನೇ ಹೆಜ್ಜೆಗಾಗಿ. ಸ್ಲೈಡಿನ ಮೇಲೆ ಮೊದಲು ಕ್ರಿಸ್ಟಲ್ ವೈಲೆಟ್ ಎಂಬ ನೇರಳೆ ಬಣ್ಣ, ಆಮೇಲೆ ಅಯೋಡಿನ್. ಅಲ್ಲಿಯವರೆಗೆ ಎಲ್ಲ ಬ್ಯಾಕ್ಟೀರಿಯಾಗಳೂ ನೇರಳೆಯೇ. ಈಗ ಸ್ಲೈಡನ್ನು ಓರೆಯಾಗಿ ಹಿಡಿದು ಆಲ್ಕೋಹಾಲ್ ಹನಿಸಬೇಕು, ಇಳಿಯುವ ಹನಿಯಲ್ಲಿ ಬಣ್ಣ ಬರುವುದು ನಿಂತ ಕೂಡಲೇ ತೊಳೆಯಬೇಕು. ಕೆಲವೇ ಸೆಕೆಂಡು ಹೆಚ್ಚಾದರೂ ಫಲಿತಾಂಶ ತಲೆಕೆಳಗಾಗಬಹುದು. ಇಲ್ಲಿ ಪಳಗಿದ ಕಣ್ಣೇ ಗಡಿಯಾರ. ದಪ್ಪ ಕೋಶಭಿತ್ತಿಯ ಸ್ಟೆಫೈಲೊಕಾಕಸ್ ನೇರಳೆಯನ್ನು ಬಿಡದೆ ಗೊಂಚಲು ಗೊಂಚಲಾಗಿ ಕೂತಿರುತ್ತದೆ. ಬಣ್ಣ ಕಳೆದುಕೊಂಡ ಇ. ಕೋಲಿ, ಸ್ಯಾಫ್ರನಿನ್ ಎಂಬ ಎರಡನೇ ಬಣ್ಣ ಹಾಕಿದ ಮೇಲೆ ಗುಲಾಬಿ ಕಡ್ಡಿಗಳಾಗಿ ಕಾಣುತ್ತದೆ. ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಕಲ್ಚರ್ ವರದಿಗೆ ಒಂದೆರಡು ದಿನ ಕಾಯಬೇಕು. ಗ್ರಾಂ ಸ್ಟೇನ್ ಆದರೋ ಕೆಲವೇ ನಿಮಿಷಗಳ ಕೆಲಸ. ಯಾವ ಬಗೆಯ ಆಂಟಿಬಯಾಟಿಕ್ ಶುರು ಮಾಡಬೇಕೆಂಬ ಸುಳಿವು ವೈದ್ಯರಿಗೆ ಅಂದೇ ಸಿಗುತ್ತದೆ. 1884ರಲ್ಲಿ ಇದನ್ನು ಪ್ರಕಟಿಸಿದ ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಗ್ರಾಂ, ತಮ್ಮ ವಿಧಾನ ಇನ್ನೂ ಅಪೂರ್ಣವೆಂದೇ ಬರೆದಿದ್ದರು. ಸ್ಯಾಫ್ರನಿನ್ ಆಮೇಲೆ ಬೇರೆಯವರು ಸೇರಿಸಿದ್ದು.