ಪ್ಲೇಟಿನ ಮೇಲಿಲ್ಲದ ಹೆಸರು

ಶಾಸ್ತ್ರೀಯ ಸಂಗೀತದ ಹುಚ್ಚು ಹತ್ತಿದವರು ಇಬ್ಬರು ಸೇರಿದರೆ ಸಾಕು, ಕುಶಲೋಪರಿ ಮುಗಿಯುವ ಮೊದಲೇ ಒಂದು ಪ್ರಶ್ನೆ ಬರುತ್ತದೆ: ‘ಈಗ ಏನ್ ಕೇಳ್ತಾ ಇದೀರಿ?’ ಉತ್ತರಕ್ಕೂ ಒಂದು ಕ್ರಮವಿದೆ. ಹಾಡಿದವರು ಯಾರು, ಯಾವ ರಾಗ, ಯಾವ ವರ್ಷ, ಪಿಟೀಲು ಯಾರದು, ಮೃದಂಗ ಯಾರದು. ಹಳೆಯ ಪ್ಲೇಟಾದರೆ ಕಂಪನಿ ಮತ್ತು ನಂಬರು. ರೇಡಿಯೋದಿಂದ ಇಳಿಸಿಕೊಂಡದ್ದಾದರೆ ಯಾವ ಸ್ಟೇಷನ್ನು. ಕ್ಯಾಸೆಟ್ಟು ಹೋಗಿ ಫೋನು ಬಂದರೂ ಈ ಕ್ರಮ ಬದಲಾಗಿಲ್ಲ.

ಇದನ್ನು ನಾವು ಬರೀ ಹವ್ಯಾಸ ಅಂತ ಬಿಟ್ಟುಬಿಟ್ಟಿದ್ದೇವೆ. ಆದರೆ ಯಾವುದು ಉಳಿಯಬೇಕು, ಯಾವುದು ಶುದ್ಧ, ಯಾವುದು ಅಗ್ಗ ಎಂದು ತೀರ್ಮಾನವಾದದ್ದು ಪತ್ರಿಕೆಗಳ ಅಂಕಣದಲ್ಲಿ ಎಷ್ಟೋ ಅದಕ್ಕಿಂತ ಹೆಚ್ಚು ಈ ಪಟ್ಟಿಗಳಲ್ಲೇ. ಪಟ್ಟಿಯೂ ಒಂದು ವಿಮರ್ಶೆ. ಹಾಗಿದ್ದಮೇಲೆ ಅದನ್ನು ಪಠ್ಯದ ಹಾಗೆ ಓದಬೇಕಾಗುತ್ತದೆ.

ಓದಿದರೆ ಮೊದಲು ಕಣ್ಣಿಗೆ ಹೊಡೆಯುವುದು ಜಾತಿ. ಹುಡುಕಬೇಕಾಗಿಯೂ ಇಲ್ಲ, ಲೇಬಲ್ಲಿನ ಮೇಲೇ ಅಚ್ಚಾಗಿದೆ: ಅರಿಯಕುಡಿ ರಾಮಾನುಜ ಅಯ್ಯಂಗಾರ್, ಮುಸಿರಿ ಸುಬ್ರಹ್ಮಣ್ಯ ಅಯ್ಯರ್, ನಾಗಸ್ವರದ ರಾಜರತ್ನಂ ಪಿಳ್ಳೈ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿನ ಮುಂದಿನ ಎರಡಕ್ಷರ ಮಧುರೈ ಮತ್ತು ಷಣ್ಮುಖವಡಿವು, ಒಂದು ಊರು, ಇನ್ನೊಂದು ತಾಯಿ. ಅಪ್ಪನ ಹೆಸರಿಗೆ ಜಾಗವಿಲ್ಲದ ಆ ಎರಡಕ್ಷರದಲ್ಲಿ ದೇವದಾಸಿ ಮನೆತನಗಳ ಚರಿತ್ರೆಯೇ ಇದೆ. ರಸಿಕರು ಇದನ್ನೆಲ್ಲ ದಿನಾ ಬಾಯಲ್ಲಿ ಹೇಳುತ್ತಾರೆ, ಕಿವಿಗೆ ಹಾಕಿಕೊಳ್ಳುವುದಿಲ್ಲ. ನಾವು ಮಾತೆತ್ತಿದರೆ ‘ಸಂಗೀತಕ್ಕೆ ಎಲ್ಲಿಯ ಜಾತಿ ಸ್ವಾಮಿ’ ಅಂತಾರೆ.

ನಮ್ಮ ಧಾರವಾಡ ಸೀಮೆಯ ಒಂದು ಉದಾಹರಣೆ ನೋಡಿ. 1930ರ ದಶಕದ ಎಚ್.ಎಂ.ವಿ. ಪ್ಲೇಟುಗಳಲ್ಲಿ ಗಾಂಧಾರಿ ಹಾನಗಲ್ ಅಂತ ಒಬ್ಬ ಗಾಯಕಿ ಬರುತ್ತಾರೆ. ಅವರೇ ಮುಂದೆ ಗಂಗೂಬಾಯಿ ಹಾನಗಲ್. ಆ ಪ್ಲೇಟು ಕೈಗೆ ಬಂದವರು ನಿಧಿ ಸಿಕ್ಕಂತೆ ಹೇಳಿಕೊಳ್ಳುತ್ತಾರೆ. ಆಗ ದನಿ ತೆಳು ಇತ್ತು, ಗಂಟಲ ಚಿಕಿತ್ಸೆಯಾದ ಮೇಲೆ ಗಡುಸಾಯಿತು, ಹಳೆಯದು ಚೆಂದವೋ ಹೊಸದು ಚೆಂದವೋ ಎಂದು ಗಂಟೆಗಟ್ಟಲೆ ವಾದಿಸುತ್ತಾರೆ. ವಾದಿಸಲಿ, ಒಳ್ಳೆಯದೇ. ಆದರೆ 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧಿಯ ಎದುರು ಸ್ವಾಗತಗೀತೆ ಹಾಡಿದ ಆ ಹುಡುಗಿಗೆ, ಮೇಲ್ಜಾತಿಯವರು ಉಂಡೆದ್ದ ಜಾಗವನ್ನು ತಾನೇ ಬಳಿಯಬೇಕಾಗುತ್ತದೋ ಏನೋ ಎಂಬ ಅಳುಕಿತ್ತು. ಇದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಗಂಟಲಿನ ಚರಿತ್ರೆ ಅಷ್ಟೊಂದು ಗೊತ್ತಿರುವವರಿಗೆ ಈ ಅಳುಕಿನ ಚರಿತ್ರೆ ಬೇಡವಾಗಿದೆ.

ಇಷ್ಟಾದರೂ ಇವರೆಲ್ಲರ ಹೆಸರು ಪ್ಲೇಟಿನ ಮೇಲಿದೆ. ಹೆಸರೇ ಇಲ್ಲದವರ ಮಾತಿಗೆ ಬರೋಣ. (ಆ ಕಪ್ಪು ಪ್ಲೇಟು ಅರಗಿನದು. ಛೋಟಾನಾಗಪುರದ ಕಾಡಿನಲ್ಲಿ ಆದಿವಾಸಿಗಳು ಕೊಂಬೆಯಿಂದ ಕೆರೆದು ತೆಗೆದ ಅರಗು ಹೀಗೆ ಹಾಡಾಯಿತು. ಅದು ಬೇರೆಯೇ ಒಂದು ಲೇಖನ.)

ಮೃದಂಗ ಹಲಸಿನ ಮರದ್ದು. ಅದರ ಬಾಯಿ ಬಿಗಿಯುವುದಕ್ಕೆ ಹಸು, ಮೇಕೆ, ಎಮ್ಮೆ ಮೂರರ ತೊಗಲೂ ಬೇಕು. ಬಲಗಡೆ ಕಲ್ಲಿನ ಪುಡಿ ಮತ್ತು ಅನ್ನ ಅರೆದು ಪದರ ಪದರವಾಗಿ ಮೆತ್ತುವ ಕರಣೆ, ಎಡಗಡೆ ನುಡಿಸುವ ಹೊತ್ತಿಗೆ ಹಚ್ಚುವ ರವೆ. ತಮಿಳುನಾಡಿನಲ್ಲಿ ಈ ಕೆಲಸ ಮಾಡುವವರಲ್ಲಿ ಬಹುಪಾಲು ದಲಿತ ಕ್ರೈಸ್ತರು. ಪಾಲ್ಘಾಟ್ ಮಣಿ ಅಯ್ಯರ್ ಅವರ ಮೃದಂಗವನ್ನು ಸಿದ್ಧಮಾಡುತ್ತಿದ್ದವರು ತಂಜಾವೂರಿನ ಪರ್ಲಾಂದು. ಮೃದಂಗ ಮಾಡುವ ಈ ಕುಟುಂಬಗಳ ಮೇಲೆ ಗಾಯಕ ಟಿ.ಎಂ. ಕೃಷ್ಣ ಬರೆದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ 2020ರಲ್ಲಿ ಬಂತು. ಅದರ ಬಿಡುಗಡೆಗೆ ಸಭಾಂಗಣ ಕೊಡಲು ಒಪ್ಪಿದ್ದ ಚೆನ್ನೈನ ಕಲಾಕ್ಷೇತ್ರ ಕಡೆ ಗಳಿಗೆಯಲ್ಲಿ ಹಿಂದೆ ಸರಿಯಿತು. ಮೃದಂಗದ ನಾದಕ್ಕೆ ತೆರೆದಿದ್ದ ಬಾಗಿಲು ಅದರ ತೊಗಲಿನ ಕತೆಗೆ ಮುಚ್ಚಿಕೊಂಡಿತು.

ಮಣಿ ಅಯ್ಯರ್ 1981ರಲ್ಲಿ ತೀರಿಕೊಂಡರು. ಅವರ ಪಕ್ಕವಾದ್ಯವಿರುವ ಕಛೇರಿಗಳ ಟೇಪು ಇವತ್ತಿಗೂ ಕೈಯಿಂದ ಕೈಗೆ ಹೋಗುತ್ತಿದೆ. ಅವರು ಮೈಕು ಬೇಡ ಎಂದು ಹಟ ಹಿಡಿದವರು. ಇದನ್ನು ರಸಿಕರು ಕಲಾವಿದನ ಶ್ರದ್ಧೆ ಎಂದು ಕೊಂಡಾಡುತ್ತಾರೆ. ಒಂದು ಸಣ್ಣ ಪ್ರಶ್ನೆ: ಮೈಕಿಲ್ಲದೆ ಕಡೇ ಸಾಲಿನವನಿಗೂ ಮುಟ್ಟುವ ನಾದ ಬರೀ ಬೆರಳಿನಿಂದ ಬಂತೆ? ಯಾವ ತೊಗಲು ಎಷ್ಟು ತೆಳುವಿರಬೇಕು, ಎಷ್ಟು ಬಿಗಿದರೆ ಗಾಯಕನ ಶ್ರುತಿಗೆ ಕೂಡುತ್ತದೆ, ಕರಣೆ ಎಲ್ಲಿ ದಪ್ಪವಾಯಿತು ಎಂಬುದನ್ನು ತಟ್ಟಿ ತಟ್ಟಿ ಕೇಳಿ ಗೊತ್ತುಮಾಡಿದ ಒಂದು ಕಿವಿ ಇದೆಯಲ್ಲ, ಅದು ಯಾರದು? ಕಛೇರಿಗೆ ಮುಂಚೆ ಆ ನಾದವನ್ನು ಕೇಳಿ ಸರಿ ಎಂದು ಒಪ್ಪಿದವನು ಅವನು. ಮೊದಲ ರಸಿಕ ಅವನೇ. ಅವನದನ್ನು ಕೈಕೆಲಸ ಅಂತ ಕರೆದು, ಪ್ಲೇಟು ಕೂಡಿಟ್ಟವನದನ್ನು ಅಭಿರುಚಿ ಅಂತ ಕರೆಯುವುದು ಯಾವ ನ್ಯಾಯ?

ಇಲ್ಲಿ ನಮ್ಮವರ ಜೊತೆಗೂ ನನಗೆ ಜಗಳವಿದೆ. ‘ಅದು ಬ್ರಾಹ್ಮಣರ ಸಂಗೀತ, ನಮಗ್ಯಾಕೆ? ನಮಗೆ ತಮಟೆ ಇದೆ’ ಅನ್ನುವ ದಲಿತ ಗೆಳೆಯರು ಬಹಳ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಕಛೇರಿ ನಡೆಯುವ ದೇವಸ್ಥಾನದ ಹೊರಗೇ ನಿಂತ ತಲೆಮಾರುಗಳ ಸಿಟ್ಟು ಅದು. ಆದರೆ ಹಾಗಂದ ಕ್ಷಣದಲ್ಲೇ ನಾವು ಅವರ ಪಟ್ಟಿಗೆ ಸಹಿ ಹಾಕಿಬಿಡುತ್ತೇವೆ. ಪರ್ಲಾಂದು ಕೇಳಿ ಕೂಡಿಸಿದ ನಾದವನ್ನು ನಾವೇ ಮಣಿ ಅಯ್ಯರ್ ಒಬ್ಬರ ಖಾತೆಗೆ ಬರೆದುಕೊಡುತ್ತೇವೆ. ನಮ್ಮ ಕಡೆ ತಮಟೆಯನ್ನು ಬೆಂಕಿಗೆ ಕಾಯಿಸಿ, ಬಡಿದು ನೋಡಿ, ಮತ್ತೆ ಕಾಯಿಸುತ್ತಾರಲ್ಲ, ಅದು ಶ್ರುತಿ ಮಾಡುವುದಲ್ಲದೆ ಇನ್ನೇನು? ವಿದ್ಯೆ ಒಂದೇ. ಒಂದು ಕಡೆ ಅದು ನಾದ, ಇನ್ನೊಂದು ಕಡೆ ಗದ್ದಲ. ಹೆಸರಿಟ್ಟವರು ಬೇರೆ.

ನಾನಂತೂ ಕೇಳುತ್ತೇನೆ. ಅರಿಯಕುಡಿಯವರ ಪಲ್ಲವಿಯ ಹಿಂದೆ ಎಡಗೈ ಗುಮ್ಮೆಂದಾಗ ಹಾಡು ಬಿಟ್ಟು ಅದರ ಹಿಂದೆ ಹೋಗುತ್ತೇನೆ. ಪಟ್ಟಿ ಮಾಡುವವರಲ್ಲಿ ಕೇಳುವುದೂ ಇಷ್ಟೇ: ಮೃದಂಗ ಯಾರದು ಎಂದು ಬರೆದ ಸಾಲಿನ ಕೆಳಗೆ ಅದನ್ನು ಬಿಗಿದವರು ಯಾರು ಎಂದು ಇನ್ನೊಂದು ಸಾಲು ಬರೆಯಿರಿ. ಅದೆಲ್ಲ ಈಗ ಹೇಗೆ ಪತ್ತೆ ಮಾಡೋದು ಅಂತ ಕೇಳಬಹುದು. ಸಭಿಕರ ಕೆಮ್ಮು ಕೇಳಿಯೇ ಇದು ಯಾವ ಊರಿನ, ಯಾವ ವರ್ಷದ ಕಛೇರಿ ಎಂದು ಹೇಳಬಲ್ಲ ಜನ ನೀವು.