ಜೀರ್ಣೋದ್ಧಾರದಲ್ಲಿ ಲೋಹಾಲಂಕಾರದ ಸ್ಥಾನ

ಅಲಂಕಾರವೆಂದರೆ ಮೈಮೇಲೆ ಹೊರಿಸಿದ ಒಡವೆಯೆಂಬ ಸ್ಥೂಲಭಾವನೆಯು ಕಾವ್ಯವಿಚಾರದಲ್ಲಿ ಎಂದೋ ಖಂಡಿತವಾಗಿದೆ. ವಾಸ್ತುವಿಚಾರದಲ್ಲಿ ಮಾತ್ರ ಇನ್ನೂ ಉಳಿದಿರುವುದು. ಹಳೆಯ ಕಟ್ಟಡಗಳನ್ನು ಉದ್ಧರಿಸುವಾಗ ಕಲ್ಲು ಮರಗಳ ಕೆಲಸವನ್ನೆಲ್ಲ ಮುಗಿಸಿ, ಕಂಚು ಹಿತ್ತಾಳೆಗಳ ಕೆಲಸವನ್ನು ಕಡೆಯಲ್ಲಿ ಅಂಟಿಸುವ ಪದ್ಧತಿಗೆ ಈ ಭಾವನೆಯೇ ಮೂಲವು. ಇದರ ಯುಕ್ತಾಯುಕ್ತತೆಯನ್ನು ಕಿತ್ತೂರಿನ ಅರಮನೆಯ ನಿದರ್ಶನದಿಂದ ವಿಚಾರಿಸಬಹುದು.

1824ನೆಯ ಇಸವಿ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆಯು ಹತನಾದನು. ಡಿಸೆಂಬರಿನಲ್ಲಿ ಕೋಟೆಯು ಆಂಗ್ಲರ ವಶವಾಯಿತು. ರಾಣಿ ಚೆನ್ನಮ್ಮನು 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿಯೇ ತೀರಿಕೊಂಡಳು. ಅರಮನೆಯಲ್ಲಿ ಈಗ ನಿಂತಿರುವುದು ಮುಖ್ಯವಾಗಿ ದಪ್ಪ ಗೋಡೆಗಳು; ಕೆತ್ತನೆಯ ಕೆಲವು ಬಾಗಿಲು ಕಿಟಕಿಗಳು ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿವೆ. 2022ರಲ್ಲಿ ಇದರ ಪ್ರತಿಕೃತಿಯನ್ನು ಕಟ್ಟಿಸುವ ಯೋಜನೆಯು ಚರ್ಚೆಗೆ ಬಂದಿತು. ಆದರೆ ಜೀರ್ಣೋದ್ಧಾರವು ಇರುವುದರ ರಕ್ಷಣೆ. ಪ್ರತಿಕೃತಿಯು ಇಲ್ಲದುದರ ಊಹೆ. ಲಕ್ಷಣಗಳು ಗುರುತು ಸಿಕ್ಕುವಂತೆ ಉಳಿದಿರುವ ಕಟ್ಟಡವನ್ನು ಅದರದೇ ದ್ರವ್ಯದಿಂದ ಉದ್ಧರಿಸಬೇಕೆಂಬುದು ಮಯಮತದ ಅಭಿಪ್ರಾಯ.

ಈ ಸೀಮೆಯ ವಾಡೆಯ ಹೆಬ್ಬಾಗಿಲನ್ನು ನೋಡಿರಿ. ಗುಬ್ಬಿತಲೆಯ ಮೊಳೆಗಳು ಹಲಗೆಗಳನ್ನು ಹಿಂದಣ ಅಡ್ಡಪಟ್ಟಿಗಳಿಗೆ ಬಿಗಿಯುತ್ತವೆ. ಬಳೆಯು ಬಾಗಿಲನ್ನೆಳೆಯಲು ಹಿಡಿಯಾಗುತ್ತದೆ, ಬಡಿದರೆ ಕರೆಗಂಟೆಯೂ ಆಗುತ್ತದೆ. ಪಟ್ಟಿಯು ಮರದ ಅಂಚನ್ನು ಕಾಯುತ್ತದೆ. ಇಲ್ಲಿ ಸೊಗಸು ಬೇರೆ, ಕೆಲಸ ಬೇರೆ ಎಂದು ಬಿಡಿಸಲು ಬಾರದು. ರಸದಲ್ಲಿ ಮಗ್ನನಾದ ಕವಿಗೆ ಪ್ರತ್ಯೇಕ ಪ್ರಯತ್ನವಿಲ್ಲದೆ ಒದಗುವ ಅಲಂಕಾರವೇ ಧ್ವನಿಕಾವ್ಯಕ್ಕೆ ಉಚಿತವೆಂದು ಆನಂದವರ್ಧನನು ನಿರ್ಣಯಿಸಿರುವನು. ವಾಡೆಯ ಮೊಳೆಯು ಅಂತಹ ಅಲಂಕಾರ. ಮೇಲೆ ಅಂಟಿಸಿದ ತೆಳುತಗಡಿನ ಗುಬ್ಬಿಯು ಹಟದಿಂದ ತಂದ ಯಮಕ.

ದೋಷವು ರುಚಿಗೆ ಮಾತ್ರ ಸಂಬಂಧಿಸಿದುದಲ್ಲ. ಹಿತ್ತಾಳೆಯ ಪಟ್ಟಿಗೆ ಕಬ್ಬಿಣದ ಮೊಳೆ ಹೊಡೆದರೆ, ತೇವದ ಸಂಪರ್ಕದಿಂದ ಕಬ್ಬಿಣವು ಬೇಗನೆ ತುಕ್ಕು ಹಿಡಿದು, ಉಬ್ಬಿ, ಮರವನ್ನು ಸೀಳುವುದು. ರಕ್ಷಿಸಬೇಕಾದುದೇ ನಾಶಕ್ಕೆ ಕಾರಣವಾಗುವುದು. ಕಲ್ಯಾಣದ ಚಾಲುಕ್ಯ ಸೋಮೇಶ್ವರನು 12ನೆಯ ಶತಮಾನದ ತನ್ನ ಮಾನಸೋಲ್ಲಾಸದಲ್ಲಿ ಮೇಣದ ಅಚ್ಚಿನಿಂದ ಲೋಹಪ್ರತಿಮೆಯನ್ನು ಎರೆಯುವ ಕ್ರಮವನ್ನು ಹೇಳುತ್ತ, ಲೋಹದ ತೂಕವನ್ನು ಮೇಣದ ತೂಕದಿಂದಲೇ ಗೊತ್ತುಮಾಡಿರುವನು. ನಮ್ಮ ನಾಡಿನ ಲೋಹಶಿಲ್ಪವು ಅಳತೆಯ ವಿದ್ಯೆ, ಕಣ್ಣಂದಾಜಿನದಲ್ಲ.

ಆದಕಾರಣ ಕಿತ್ತೂರಾಗಲಿ, ಸವದತ್ತಿಯ ಕೋಟೆಯಾಗಲಿ, ರಾಮದುರ್ಗದ ಅರಮನೆಯಾಗಲಿ, ಉದ್ಧಾರಕ್ಕೆ ಕೈಯಿಡುವ ಮೊದಲು ಉಳಿದಿರುವ ಪ್ರತಿಯೊಂದು ಚಿಲಕ, ಮೊಳೆ, ಪಟ್ಟಿಗಳನ್ನು ಅಳೆದು, ಲೋಹವನ್ನು ಪರೀಕ್ಷಿಸಿ ಬರೆದಿಡತಕ್ಕುದು. ಕಂಚುಗಾರನನ್ನೂ ಕಮ್ಮಾರನನ್ನೂ ಬಡಗಿಯೊಡನೆ ಮೊದಲ ದಿನವೇ ಕರೆಯತಕ್ಕುದು. ಆಧಾರವಿಲ್ಲದೆಡೆಯಲ್ಲಿ ಬರಿಗೋಡೆಯನ್ನು ಬರಿದಾಗಿಯೇ ಬಿಡುವುದು ಲೇಸು. ತ್ರುಟಿತ ಪಾಠವನ್ನು ಸ್ವಕಪೋಲಕಲ್ಪಿತ ಪದ್ಯದಿಂದ ತುಂಬುವ ಸಂಪಾದಕನನ್ನು ವಿದ್ವಾಂಸರು ಒಪ್ಪುವುದಿಲ್ಲ. ಕಟ್ಟಡವನ್ನು ಹಾಗೆ ತುಂಬುವವನನ್ನು ಒಪ್ಪಬೇಕಾದ ಕಾರಣವೂ ಕಾಣದು.